ಮಳೆಗಾಲ ಕಳೆಯುವಷ್ಟರಲ್ಲಿ ಕಾಲು ಸೋಲುವುದೇಕೆ?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಸೆಪ್ಟೆಂಬರ್‌ವರೆಗೂ ಬಿಡುವಿಲ್ಲ. ಬೆಳಿಗ್ಗೆ ತೋಟ ಸುತ್ತಿ ಬರುತ್ತಿದ್ದ ಅಜ್ಜ ಜಗುಲಿ ಬಿಟ್ಟು ಇಳಿಯುವುದಿಲ್ಲ. ಸಂಜೆ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದ ಅಜ್ಜಿ ಒಲೆ ಮುಂದೆ ಬೆಚ್ಚಗೆ ಕೂರುತ್ತಾರೆ. ಪೇಟೆಯಲ್ಲೂ ಅಷ್ಟೇ: ಹಾಸನದ ಮಹಾರಾಜ ಪಾರ್ಕು, ಚಿಕ್ಕಮಗಳೂರಿನ ರತ್ನಗಿರಿ ಬೋರೆಗೆ ಬೆಳಗಿನ ವಾಕಿಂಗ್‌ಗೆ ಬರುವವರ ಗುಂಪು ವಾರ ವಾರಕ್ಕೆ ಕರಗುತ್ತದೆ. ದೀಪಾವಳಿಗೆ ಹಾಸನಾಂಬೆಯ ದರ್ಶನಕ್ಕೋ ದೇವೀರಮ್ಮನ ಬೆಟ್ಟಕ್ಕೋ ಹೊರಟಾಗ ಗೊತ್ತಾಗುತ್ತದೆ, ಕುರ್ಚಿಯಿಂದ ಏಳಲು ಕೈ ಊರಬೇಕು, ಮೆಟ್ಟಿಲು ಬಂದರೆ ಗೋಡೆ ಹುಡುಕಬೇಕು.

"ವಯಸ್ಸಾಯ್ತಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ. ವಯಸ್ಸಿನ ಪಾಲು ಇದ್ದೇ ಇದೆ. ಆದರೆ ವಯಸ್ಸು ನಾಲ್ಕು ತಿಂಗಳಲ್ಲಿ ಇಷ್ಟೊಂದು ಕೆಲಸ ಮಾಡುವುದಿಲ್ಲ. ಆ ಇಳಿತದಲ್ಲಿ ಹೆಚ್ಚಿನದು ಕೂತಿದ್ದರಿಂದ ಆದದ್ದು, ಅದನ್ನು ಮರಳಿ ಪಡೆಯಲು ಬರುತ್ತದೆ. ಪಡೆಯುವ ದಾರಿ ಮಾತ್ರ ಬರೀ ವಾಕಿಂಗ್ ಅಲ್ಲ.

## ಸ್ನಾಯು ಕರಗುವುದು ಎಂದರೆ ಏನು?

ಮೂವತ್ತು ದಾಟಿದ ಮೇಲೆ ಮೈಯಲ್ಲಿನ ಸ್ನಾಯು ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಕಡಿಮೆಯಾಗುತ್ತಾ ಬರುತ್ತದೆ. ಅರವತ್ತರ ನಂತರ ವೇಗ ಹೆಚ್ಚು. ವೈದ್ಯರು ಇದನ್ನು ಸಾರ್ಕೋಪೀನಿಯಾ ಎನ್ನುತ್ತಾರೆ. ಗ್ರೀಕ್ ಮೂಲದ ಪದ, ಮಾಂಸದ ಕೊರತೆ ಎಂಬ ಅರ್ಥ. 1980ರ ದಶಕದ ಕೊನೆಯಲ್ಲಿ ಬಂದ ಹೆಸರು ಇದು, ಅಲ್ಲಿಯವರೆಗೆ ಈ ಸವೆತಕ್ಕೆ ಪ್ರತ್ಯೇಕ ಹೆಸರೇ ಇರಲಿಲ್ಲ. ತೂಕದ ಯಂತ್ರ ಇದನ್ನು ತೋರಿಸುವುದಿಲ್ಲ. ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಕೂತರೆ ತೂಕ ಹಾಗೇ ಇರುತ್ತದೆ, ಕಾಲಿನ ಬಲ ಮಾತ್ರ ಇರುವುದಿಲ್ಲ.

ಒಳಗೆ ನಡೆಯುವುದನ್ನು ಊರಿನ ಕರೆಂಟಿಗೆ ಹೋಲಿಸಬಹುದು. ಬೆನ್ನುಹುರಿಯಿಂದ ಹೊರಟ ಒಂದೊಂದು ನರ ಒಂದೊಂದು ಟ್ರಾನ್ಸ್‌ಫಾರ್ಮರ್ ಇದ್ದಂತೆ. ಅದರ ಲೈನಿಗೆ ಸ್ನಾಯುವಿನ ನೂರಾರು ಎಳೆಗಳು ಮನೆಗಳಂತೆ ಸೇರಿಕೊಂಡಿರುತ್ತವೆ. ವಯಸ್ಸಾದಂತೆ ಕೆಲವು ಟ್ರಾನ್ಸ್‌ಫಾರ್ಮರ್ ಸುಡುತ್ತವೆ. ಪಕ್ಕದ ಲೈನಿನವರು ಒಂದಷ್ಟು ಮನೆಗೆ ಕರೆಂಟು ಕೊಡುತ್ತಾರೆ, ಉಳಿದವು ಕತ್ತಲಲ್ಲೇ ಉಳಿಯುತ್ತವೆ. ಹೀಗೆ ಕತ್ತಲಾಗುವುದರಲ್ಲಿ ಚುರುಕಿನ ಎಳೆಗಳೇ ಮುಂದು. ನಿಧಾನದ ಎಳೆಗಳು ನಿಲ್ಲಲು, ನಡೆಯಲು ಸಾಕು. ಕಾಲು ಜಾರಿದಾಗ ಅರೆಕ್ಷಣದಲ್ಲಿ ಇನ್ನೊಂದು ಕಾಲು ಮುಂದಿಟ್ಟು ಮೈ ಹಿಡಿದುಕೊಳ್ಳಲು ಬೇಕಾದದ್ದು ಚುರುಕಿನವು. ಅದಕ್ಕೇ ವಯಸ್ಸಾದವರು ಮೈಲಿ ನಡೆದರೂ ಅಂಗಳದಲ್ಲಿ ಒಮ್ಮೆ ಜಾರಿದರೆ ಸಾವರಿಸಿಕೊಳ್ಳಲಾರರು.

## ದಿನಾ ನಡೆಯುತ್ತೇನೆ, ಸಾಲದೆ?

ನಡಿಗೆ ಹೃದಯಕ್ಕೆ, ಶ್ವಾಸಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಅಭ್ಯಾಸವಿದ್ದವರಿಗೆ ಸಮತಟ್ಟಿನ ನಡಿಗೆ ತೊಡೆಗೆ ಭಾರವೇ ಅಲ್ಲ, ಭಾರ ಬೀಳದ ಸ್ನಾಯು ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ಮೂರು ಬೇರೆ ಬೇರೆ ಬಾಬತ್ತು ಇವೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಕನಿಷ್ಠ 2 ದಿನ ಸ್ನಾಯುವಿಗೆ ಬಲ ಕೊಡುವ ಕಸರತ್ತು, 3 ದಿನ ಅಥವಾ ಹೆಚ್ಚು ಸಮತೋಲ ಮತ್ತು ಬಲ ಎರಡನ್ನೂ ಕೂಡಿಸಿದ ಅಭ್ಯಾಸ. ನಮ್ಮಲ್ಲಿ ಮೊದಲನೆಯದನ್ನು ಮಾಡುವವರಿದ್ದಾರೆ. ಉಳಿದೆರಡರ ಹೆಸರು ಕೇಳಿದವರೂ ಕಡಿಮೆ.

"ತೋಟದ ಕೆಲಸವೇ ಬೇಕಾದಷ್ಟಿದೆ" ಎನ್ನುವ ಮಾತೂ ಇದೆ. ಹಿಂದೆ ನಿಜವಾಗಿತ್ತು. ಈಗ ತೋಟಕ್ಕೆ ಜೀಪು, ಬೈಕು. ಮನೆಯೊಳಗೆ ಕಮೋಡು, ಡೈನಿಂಗ್ ಟೇಬಲ್, ಅಡುಗೆ ಕಟ್ಟೆ, ಮಂಚ ಬಂದವು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಂಡು, ತರಕಾರಿ ಹೆಚ್ಚಿ, ಕುಕ್ಕರಗಾಲಲ್ಲಿ ಕೂತು ಎದ್ದು, ಲೆಕ್ಕವಿಲ್ಲದಷ್ಟು ಸಲ ಆಗುತ್ತಿದ್ದ ಏಳು-ಕೂರು ಈಗ ಸೊನ್ನೆಗೆ ಬಂದಿದೆ. ಮಂಡಿನೋವಿಗೆ ಕಮೋಡು ಬೇಕೇ ಬೇಕು, ತೆಗೆಯಿರಿ ಎಂದು ಯಾರೂ ಹೇಳುವುದಿಲ್ಲ. ಹೋದ ಕೆಲಸವನ್ನು ಇನ್ನೊಂದು ರೂಪದಲ್ಲಿ ತರಬೇಕು, ಅಷ್ಟೇ.

ಎಂಬತ್ತರ ನಂತರ ಏನು ಪ್ರಯೋಜನ ಎಂಬ ಅನುಮಾನಕ್ಕೆ 1990ರಲ್ಲೇ ಉತ್ತರ ಸಿಕ್ಕಿದೆ. ಅಮೆರಿಕದ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವರ್ಷದ ಹತ್ತು ಜನರಿಗೆ ಎಂಟು ವಾರ ತೊಡೆಗೆ ಭಾರದ ಕಸರತ್ತು ಮಾಡಿಸಿದರು. ಒಂಬತ್ತು ಜನ ಮುಗಿಸಿದರು, ಅವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಏರಿತು. ನಿಲ್ಲಿಸಿದ ನಾಲ್ಕೇ ವಾರಕ್ಕೆ ಒಳ್ಳೆಯ ಪಾಲು ಇಳಿದೂ ಹೋಯಿತು. ಮಳೆಗಾಲ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ವಿವರಣೆ ಬೇಕಿಲ್ಲ.

## ಮೊದಲು ಅಳತೆ ತೆಗೆದುಕೊಳ್ಳಿ

ಬೇಕಾದದ್ದು ಕೈಯಿಲ್ಲದ ಗಟ್ಟಿ ಕುರ್ಚಿ ಮತ್ತು ಮೊಬೈಲಿನ ಟೈಮರ್. ಕೂರುವ ಎತ್ತರ 17 ಇಂಚಿನ ಆಸುಪಾಸು ಇರಲಿ. ಸೋಫಾ ಬೇಡ, ಕುಸಿಯುತ್ತದೆ. ಪ್ಲಾಸ್ಟಿಕ್ ಕುರ್ಚಿಯಾದರೆ ಅದರ ಬೆನ್ನು ಗೋಡೆಗೆ ತಾಗಿರಲಿ, ಇಲ್ಲವಾದರೆ ರೆಡ್‌ಆಕ್ಸೈಡ್ ನೆಲದಲ್ಲಿ ಹಿಂದಕ್ಕೆ ಜಾರುತ್ತದೆ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಆಗುತ್ತದೆ ಎಂದು ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ವಯಸ್ಸಾದವರು ಬೀಳುವುದನ್ನು ತಪ್ಪಿಸಲು ಅಮೆರಿಕದ ವೈದ್ಯರು ಬಳಸುವ ಪಟ್ಟಿ ಹೀಗಿದೆ. ಇದಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಆ ವಯಸ್ಸಿನ ಸರಾಸರಿಗಿಂತ ಕೆಳಗಿದೆ ಎಂದರ್ಥ:

60–64: ಗಂಡಸರು 14, ಹೆಂಗಸರು 12
65–69: ಗಂಡಸರು 12, ಹೆಂಗಸರು 11
70–74: ಗಂಡಸರು 12, ಹೆಂಗಸರು 10
75–79: ಗಂಡಸರು 11, ಹೆಂಗಸರು 10
80–84: ಗಂಡಸರು 10, ಹೆಂಗಸರು 9

ಕೈ ಊರದೆ ಏಳಲೇ ಆಗದಿದ್ದರೆ ಲೆಕ್ಕ ಸೊನ್ನೆ. ಬೇಜಾರು ಬೇಡ, ಶುರು ಮಾಡುವ ಜಾಗ ಗೊತ್ತಾಯಿತು. ಬಂದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೇ ಬರೆದಿಡಿ.

## ಕುರ್ಚಿಯಿಂದ ಏಳುವುದು, ಮತ್ತೆ ಮೂರು

ಒಂದೇ ಒಂದು ಕಸರತ್ತಿಗೆ ಪುರುಸೊತ್ತು ಎನ್ನುವವರು ಇದನ್ನೇ ಮಾಡಬೇಕು. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು ಕೂರಿ. ಪಾದಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಅಂತರ, ಹಿಮ್ಮಡಿ ಮಂಡಿಗಿಂತ ತುಸು ಹಿಂದೆ. ಬೆನ್ನು ಬಗ್ಗಿಸದೆ ಸೊಂಟದಿಂದ ಮುಂದಕ್ಕೆ ವಾಲಿ, ಮೂಗು ಕಾಲ್ಬೆರಳಿನ ನೇರಕ್ಕೆ ಬಂದಾಗ ಹಿಮ್ಮಡಿ ಒತ್ತಿ ಚುರುಕಾಗಿ ಎದ್ದುನಿಲ್ಲಿ. ಸೊಂಟ ಪೂರ್ತಿ ನೆಟ್ಟಗಾಗಲಿ. ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತಾ ನಿಧಾನ. ಏಳುವುದು ಬೇಗ, ಕೂರುವುದು ತಡ: ಬೇಗ ಏಳುವುದು ಆ ಚುರುಕಿನ ಎಳೆಗಳಿಗೆ, ತಡವಾಗಿ ಕೂರುವುದು ಇಳಿಜಾರಿನಲ್ಲಿ ಮಂಡಿ ಹಿಡಿದಿಡುವ ಬಲಕ್ಕೆ.

ಹೀಗೆ 8ರಿಂದ 12 ಸಲ, ಎರಡು ನಿಮಿಷ ಬಿಡುವು, ಮತ್ತೊಂದು ಸುತ್ತು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವಿರಲಿ, ಏಕೆಂದರೆ ಸ್ನಾಯು ಕಟ್ಟಿಕೊಳ್ಳುವುದು ಬಿಡುವಿನಲ್ಲೇ. ಕೊನೆಯ ಸಲ ಎದ್ದಾಗ "ಇನ್ನು ಎರಡು ಮೂರು ಆಗಬಹುದಿತ್ತು" ಎನ್ನಿಸಿದರೆ ಭಾರ ಸರಿಯಾಗಿದೆ. ಇನ್ನೂ ಹತ್ತು ಆಗುತ್ತಿತ್ತು ಎನ್ನಿಸಿದರೆ ಅದು ಕಸರತ್ತಲ್ಲ, ಕಾಲಹರಣ. ಆಗದವರು ಕುರ್ಚಿಯ ಮೇಲೆ ಮಡಿಸಿದ ಕಂಬಳಿ ಹಾಕಿ ಎತ್ತರಿಸಿಕೊಳ್ಳಲಿ, ವಾರ ಕಳೆದಂತೆ ಒಂದೊಂದು ಮಡಿಕೆ ತೆಗೆಯಲಿ. ಎರಡು ಸುತ್ತಿನಲ್ಲೂ 12 ಸಲೀಸಾದವರು 2 ಕಿಲೋ ರಾಗಿಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ಏಳಲಿ, ಮುಂದೆ 3, 4 ಕಿಲೋ.

ತಪ್ಪುಗಳು ಬಹುಪಾಲು ನಾಲ್ಕೇ. ಪಾದ ತೀರಾ ಮುಂದಿದ್ದರೆ ಎಷ್ಟು ತಿಣುಕಿದರೂ ಏಳಲಾಗದು. ಏಳುವಾಗ ಮಂಡಿಗಳು ಒಳಕ್ಕೆ ಬಂದು ಒಂದಕ್ಕೊಂದು ತಾಗುವಂತಾದರೆ ಕೀಲಿನ ಒಂದೇ ಬದಿಗೆ ಭಾರ ಬಿದ್ದು ನೋಯುತ್ತದೆ. ಕೂರುವಾಗ ದೊಪ್ಪನೆ ಬೀಳುವುದು ಮೂಳೆ ಸವೆದವರ ಬೆನ್ನಿಗೆ ಅಪಾಯ. ನಾಲ್ಕನೆಯದು ಉಸಿರು ಕಟ್ಟುವುದು, ಅದರಿಂದ ಬಿಪಿ ಒಮ್ಮೆಲೇ ಏರುತ್ತದೆ. ಏಳುವಾಗ "ಒಂದು, ಎರಡು" ಎಂದು ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಹೊರಬರುತ್ತದೆ.

ಉಳಿದ ಮೂರಕ್ಕೆ ಇಷ್ಟು ವಿವರ ಬೇಡ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯುವುದು 10ರಿಂದ 15 ಸಲ, ಮೀನಖಂಡಕ್ಕೆ. ಗೋಡೆಯಿಂದ ತೋಳಿನಳತೆ ದೂರ ನಿಂತು, ಅಂಗೈ ಊರಿ, ಎದೆಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳುವ ಗೋಡೆದಂಡ 8ರಿಂದ 12 ಸಲ, ತೋಳು ಎದೆಗೆ. ಎರಡೂ ಕೈಯಲ್ಲಿ ಸಮಭಾರದ ಕೈಚೀಲ ಹಿಡಿದು ಹಜಾರದಲ್ಲಿ 30 ಹೆಜ್ಜೆ, ಹಿಡಿತಕ್ಕೆ ಮತ್ತು ಸೊಂಟಕ್ಕೆ. ಒಂದು ಲೀಟರ್ ನೀರಿನ ಬಾಟಲಿ ಒಂದು ಕಿಲೋ, ಆದ್ದರಿಂದ ತಕ್ಕಡಿ ಬೇಕಿಲ್ಲ. ಒಂದೇ ಕೈಯಲ್ಲಿ ಬಿಂದಿಗೆ ಹೊತ್ತು ಸೊಂಟ ಓರೆ ಮಾಡುವ ಹಳೆಯ ಅಭ್ಯಾಸ ಇಲ್ಲಿ ಬೇಡ.

## ಹಾಲು ಉಕ್ಕುವವರೆಗೆ ಒಂಟಿಗಾಲು

ಸಮತೋಲಕ್ಕೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣು, ಒಳಕಿವಿ, ಪಾದ. ಸಕ್ಕರೆ ಕಾಯಿಲೆಯಲ್ಲಿ ಪಾದ ಜೋಮು ಹಿಡಿದವರಿಗೆ ಒಂದು ಕಡೆಯ ಸುದ್ದಿ ಆಗಲೇ ಕಡಿಮೆ, ಕತ್ತಲಾದರೆ ಎರಡನೆಯದೂ ಹೋಯಿತು. ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವುದು ಹೀಗೆ.

ಅಭ್ಯಾಸಕ್ಕೆ ನಾಲ್ಕು ಮೆಟ್ಟಿಲು. ಅಡುಗೆ ಕಟ್ಟೆಗೆ ಎದುರಾಗಿ, ಹಿಡಿಯಲು ಆಗುವಷ್ಟು ಹತ್ತಿರ ನಿಂತು ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡು. ನಂತರ ಒಂದು ಪಾದವನ್ನು ಅರ್ಧ ಮುಂದೆ ಸರಿಸಿ. ಮೂರನೆಯದು ಒಂದರ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ. ಕೊನೆಗೆ ಒಂಟಿಗಾಲು. ಮೂರನೆಯದರಲ್ಲಿ 10 ಸೆಕೆಂಡು ನಿಲ್ಲಲಾಗದಿದ್ದರೆ ಬೀಳುವ ಸಂಭವ ಹೆಚ್ಚೆಂದು ವೈದ್ಯರು ಲೆಕ್ಕ ಹಾಕುತ್ತಾರೆ. ಯಾವ ಮೆಟ್ಟಿಲಲ್ಲಿ ತುಸು ಓಲಾಡುತ್ತೀರೋ ಅಲ್ಲೇ ದಿನಾ ಅಭ್ಯಾಸ ಮಾಡಿ. ಅಲುಗಾಡದೆ ನಿಲ್ಲುವಲ್ಲಿ ಕಲಿಯುವುದೇನೂ ಇಲ್ಲ. ಹಾಲು ಕಾಯಿಸುವ ಹೊತ್ತು ಇದಕ್ಕೆ ಸರಿ, ಒಲೆಯ ಮೇಲೂ ಒಂದು ಕಣ್ಣಿಟ್ಟರೆ.

2019ರಲ್ಲಿ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮ ಮಾಡುವ ವೃದ್ಧರಲ್ಲಿ ಬೀಳುವ ಪ್ರಮಾಣ ಶೇ 23ರಷ್ಟು ಕಡಿಮೆ ಕಂಡಿತು. ಸಮತೋಲದ ಅಭ್ಯಾಸ ಸೇರಿದ್ದಲ್ಲಿ ಫಲ ಚೆನ್ನಾಗಿತ್ತು.

## ಜಗುಲಿಯಲ್ಲೇ ಒಂದು ಕಿಲೋಮೀಟರ್, ಆಮೇಲೆ ಬೆಟ್ಟ

ಮಳೆ ಬಿಡಲಿ ಎಂದು ಕಾಯಬೇಕಿಲ್ಲ. ಜಗುಲಿ 30 ಅಡಿ ಉದ್ದವಿದ್ದರೆ ಸುಮಾರು 9 ಮೀಟರ್ ಆಯಿತು. 55 ಸಲ ಹೋಗಿ ಬಂದರೆ ಒಂದು ಕಿಲೋಮೀಟರ್. ತಿರುಗುವಾಗ ಗಿರಕ್ಕನೆ ತಿರುಗದೆ ಸಣ್ಣ ಹೆಜ್ಜೆಯಲ್ಲಿ ತಿರುಗಿ, ಒಂದು ತುದಿಯಲ್ಲಿ ಎಡಕ್ಕಾದರೆ ಇನ್ನೊಂದು ತುದಿಯಲ್ಲಿ ಬಲಕ್ಕೆ, ತಲೆಸುತ್ತು ಬರುವುದಿಲ್ಲ. ವೇಗಕ್ಕೆ ಅಳತೆ ಮಾತು: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡೂ ಸಲೀಸಾಗಿ ಬಂದರೆ ವೇಗ ಸಾಲದು. ಒಟ್ಟಿಗೆ 30 ನಿಮಿಷ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲವಾದರೂ ಲೆಕ್ಕಕ್ಕೆ ಸಿಗುತ್ತದೆ.

ಬೆಟ್ಟದ ಮಾತು ಬೇರೆ. ಮಂಡಿಯೊಳಗೆ ಅಳತೆಯ ಉಪಕರಣ ಇರುವ ಕೃತಕ ಕೀಲು ಹಾಕಿಸಿಕೊಂಡವರಲ್ಲಿ ನೋಡಿದಂತೆ, ಸಮತಟ್ಟಿನ ನಡಿಗೆಯಲ್ಲಿ ಮಂಡಿಯ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ, ಮೆಟ್ಟಿಲು ಹತ್ತುವಾಗ ಮೂರು ಪಟ್ಟು ದಾಟುತ್ತದೆ, ಇಳಿಯುವಾಗ ಮೂರೂವರೆ ಪಟ್ಟಿನ ಹತ್ತಿರ. ಉಬ್ಬಸ ಹತ್ತುವಾಗ, ಏಟು ಇಳಿಯುವಾಗ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಎಳೆಸಿಕೊಳ್ಳುತ್ತಲೇ ಭಾರ ತಡೆಯಬೇಕು, ಅದರಿಂದ ಎಳೆಗಳಿಗೆ ಸಣ್ಣ ಸಣ್ಣ ಗಾಯವಾಗುತ್ತದೆ. ದೇವೀರಮ್ಮನ ಬೆಟ್ಟ ಇಳಿದ ದಿನ ಆರಾಮ, ಎರಡನೇ ದಿನ ಬಚ್ಚಲಿಗೆ ಹೋಗಲೂ ತಿಣುಕಾಟ, ಇದು ಅದರದ್ದೇ ಕೆಲಸ. ಮೂರು ದಿನದೊಳಗೆ ಇಳಿಯುವ ಇಂಥ ನೋವಿನಿಂದ ಅಪಾಯವಿಲ್ಲ.

ಶ್ರವಣಬೆಳಗೊಳದ ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುವ ಹರಕೆ ಇದ್ದವರು ಎಂಟು ವಾರ ಮೊದಲು ತಯಾರಿ ಶುರು ಮಾಡಲಿ. ಜಗುಲಿಯ ಒಂದೇ ಮೆಟ್ಟಿಲು ಸಾಕು: ಒಂದು ಕಾಲಿಗೆ 8 ಸಲ ಹತ್ತಿ ಇಳಿ, ಇನ್ನೊಂದಕ್ಕೆ 8, ಪ್ರತಿ ವಾರ ಒಂದೆರಡು ಹೆಚ್ಚಿಸುತ್ತಾ. ಒಂದು ಮಂಡಿ ನೋಯುವವರು ಹತ್ತುವಾಗ ಗಟ್ಟಿ ಕಾಲು ಮೊದಲಿಡಬೇಕು, ಇಳಿಯುವಾಗ ನೋವಿನ ಕಾಲು ಮೊದಲು. ಆಗ ಎರಡೂ ಸಲ ಭಾರ ಹೊರುವುದು ಗಟ್ಟಿ ಕಾಲೇ.

ಹಾಸನಾಂಬೆಯ ಸಾಲಿನ ಕಷ್ಟ ಇನ್ನೊಂದು ತೆರ. ಗಂಟೆಗಟ್ಟಲೆ ಅಲುಗಾಡದೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಪಾದ ಊದುತ್ತದೆ, ಕೆಲವರಿಗೆ ಕಣ್ಣು ಕತ್ತಲಿಡುತ್ತದೆ. ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುವ ಪಂಪು. ಐದು ನಿಮಿಷಕ್ಕೊಮ್ಮೆ ಬ್ಯಾರಿಕೇಡ್ ಹಿಡಿದು ಹಿಮ್ಮಡಿ ಹತ್ತು ಸಲ ಎತ್ತಿ ಇಳಿಸಿದರೆ ಪಂಪು ಓಡುತ್ತದೆ. ಉಪವಾಸವಿದ್ದರೂ ನೀರು ಬಿಡಬೇಡಿ.

## ಸಾರಲ್ಲ, ಕಾಳು

ಭಾರ ಹೊತ್ತ ಸ್ನಾಯು ಬೆಳೆಯಲು ಪ್ರೋಟೀನ್ ಬೇಕು. ವಯಸ್ಸಾದ ಸ್ನಾಯು ಹಸಿ ಸೌದೆಯಂತೆ, ಹತ್ತಿಸಲು ಪುರಳೆ ಹೆಚ್ಚು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಹೇಳುತ್ತದೆ. ವೃದ್ಧರ ಆಹಾರದ ಬಗ್ಗೆ ಅಧ್ಯಯನ ಮಾಡಿದ ತಜ್ಞರು 1ರಿಂದ 1.2 ಗ್ರಾಂ ಇರಲಿ ಎನ್ನುತ್ತಾರೆ. 60 ಕಿಲೋ ತೂಕದವರಿಗೆ 60ರಿಂದ 72 ಗ್ರಾಂ ಆಯಿತು, ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ 20ರ ಮೇಲೆ.

ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಮಿ.ಲೀ. ಹಾಲಿನಲ್ಲಿ 6ರ ಸುಮಾರು, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, 30 ಗ್ರಾಂ ಹುರುಳಿ ಅಥವಾ ಬೇಳೆಯಲ್ಲಿ ಆರೂವರೆ, 100 ಗ್ರಾಂ ಮೀನಿನಲ್ಲಿ 20ರ ಹತ್ತಿರ. ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆಗೆ 7, ಜೊತೆಗೆ ಸುಣ್ಣದ ಅಂಶವೂ ಧಾರಾಳ. ಮುದ್ದೆ, ಗಟ್ಟಿ ಹುರುಳಿ ಸಾರು, ಒಂದು ಬಟ್ಟಲು ಮೊಸರು ಕೂಡಿದರೆ 18–19 ಬರುತ್ತದೆ. ರಾತ್ರಿ "ಹಗುರವಾಗಿರಲಿ" ಎಂದು ಮಜ್ಜಿಗೆ ಅನ್ನ ಉಂಡರೆ ಅದರ ಅರ್ಧವೂ ಆಗುವುದು ಕಷ್ಟ. ಬಸ್ಸಾರು ಮಾಡಿದ ದಿನ ವಯಸ್ಸಾದವರು ಹಲ್ಲಿಲ್ಲವೆಂದು ಪಲ್ಯ ಬಿಟ್ಟು ಸಾರು ಕಲಸಿಕೊಳ್ಳುತ್ತಾರೆ. ಬಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ ಹೋಗಿರುತ್ತದೆ, ಪ್ರೋಟೀನ್ ಇರುವುದು ಕಾಳಿನಲ್ಲಿ. ಬೆಂದ ಕಾಳಿನ ಎರಡು ಸೌಟನ್ನು ರುಬ್ಬಿ ಸಾರಿಗೇ ಸೇರಿಸಿದರೆ ಹಲ್ಲಿನ ತಕರಾರು ಮುಗಿಯುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಮೋಡದ ತಿಂಗಳುಗಳಲ್ಲಿ ವಿಟಮಿನ್ ಡಿ ಕಡಿಮೆಯಾಗುವುದು ಸಹಜ. ವೈದ್ಯರು ಬರೆದುಕೊಡುವ 60,000 ಯೂನಿಟ್ಟಿನ ಪುಡಿ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಇಂತಿಷ್ಟೇ ವಾರ. ದಿನಾ ಒಂದು ಎಂದು ತಪ್ಪು ತಿಳಿದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು.

## ಪಾಚಿ, ಕನ್ನಡಕ, ಬಿಪಿ ಮಾತ್ರೆ

ಮಲೆನಾಡಿನ ಅಂಗಳಕ್ಕೆ ಜುಲೈ ಹೊತ್ತಿಗೆ ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ನಾರಿನ ಬ್ರಷ್‌ನಲ್ಲಿ ಉಜ್ಜಿ ತೊಳೆಯುವುದು ವಯಸ್ಸಾದವರ ಕೆಲಸವಲ್ಲ, ಮನೆಯ ಕಿರಿಯರದು. ಅಟ್ಟೆ ಸವೆದ ಹವಾಯಿ ಚಪ್ಪಲಿಯನ್ನು ಇನ್ನೊಂದು ಮಳೆಗಾಲಕ್ಕೆ ಉಳಿಸಬೇಡಿ. ಬಚ್ಚಲಲ್ಲಿ ಗೋಡೆಗೆ ಕೊರೆದು ಕೂರಿಸಿದ ಹಿಡಿ ಬೇಕು. ಟವೆಲ್ ಹಾಕುವ ಕಂಬಿ ಮನುಷ್ಯನ ತೂಕ ತಡೆಯದೆ ಕಿತ್ತು ಕೈಗೆ ಬರುತ್ತದೆ. ಎರಡು ಪವರಿನ ಕನ್ನಡಕದಲ್ಲಿ ಕೆಳಗಿನ ಅರ್ಧ ಓದಲು ಮಾಡಿದ್ದು, ಅದರಿಂದ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಇಳಿಯುವಾಗ ಗಲ್ಲ ಎದೆಗೆ ತಂದು ಮೇಲಿನ ಅರ್ಧದಿಂದ ನೋಡಿ.

ಎದ್ದ ಕೂಡಲೇ ತಲೆ ತಿರುಗುವವರು ಬಿಪಿಯನ್ನು ಮಲಗಿದ್ದಾಗ ಒಮ್ಮೆ, ಎದ್ದುನಿಂತ ಮೂರು ನಿಮಿಷದೊಳಗೆ ಒಮ್ಮೆ ನೋಡಿಸಲಿ. ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರ ಜೊತೆ ಮಾತಾಡಬೇಕು. ತಾವಾಗಿ ನಿಲ್ಲಿಸುವುದು ಬೇಡ.

ಬಿದ್ದ ಮೇಲೆ ಸೊಂಟ ಅಥವಾ ತೊಡೆಸಂದು ನೋಯುತ್ತಿದ್ದು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಎತ್ತಿ ನಿಲ್ಲಿಸುವ ಪ್ರಯತ್ನ ಬೇಡ. ಮೂಳೆ ಮುರಿದಿರಬಹುದು, ಬೆಚ್ಚಗೆ ಹೊದಿಸಿ 108ಕ್ಕೆ ಕರೆ ಮಾಡಿ. ಏಟಾಗಿಲ್ಲವೆಂದಾದರೆ ಮಗ್ಗುಲಾಗಿ, ನಾಲ್ಕು ಕಾಲಲ್ಲಿ ಅಂಬೆಗಾಲಿಟ್ಟು ಕುರ್ಚಿಯವರೆಗೆ ಹೋಗಿ, ಕೈ ಕುರ್ಚಿಗೆ ಊರಿ, ಗಟ್ಟಿ ಕಾಲಿನ ಪಾದ ಮುಂದಿಟ್ಟು ಏಳಬೇಕು. ಬೀಳುವ ಮೊದಲೇ ಹಾಸಿಗೆಯ ಪಕ್ಕ ಒಮ್ಮೆ ಅಭ್ಯಾಸ ಮಾಡಿಟ್ಟಿದ್ದರೆ ಒಂಟಿ ಮನೆಯಲ್ಲಿ ಗಾಬರಿ ಕಡಿಮೆ.

## ಯಾವಾಗ ನಿಲ್ಲಿಸಬೇಕು?

ಎದೆ ಬಿಗಿತ, ದವಡೆಗೋ ಎಡಗೈಗೋ ಹಬ್ಬುವ ನೋವು, ಕೂತ ಮೇಲೂ ಇಳಿಯದ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಬಿಪಿ 180/110ಕ್ಕಿಂತ ಮೇಲಿದ್ದ ದಿನ ಭಾರದ ಕಸರತ್ತು ಬೇಡ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಸಕ್ಕರೆ 90ಕ್ಕಿಂತ ಕೆಳಗಿದ್ದರೆ ಮೊದಲು ಒಂದು ಬಾಳೆಹಣ್ಣು ತಿನ್ನಲಿ. ಮಂಡಿನೋವಿಗೆ ಅಳತೆ ಸುಲಭ: ಹತ್ತರಲ್ಲಿ ಮೂರರಷ್ಟು ನೋವಿದ್ದು ಮಾರನೇ ಬೆಳಿಗ್ಗೆಗೆ ಇಳಿದರೆ ಮುಂದುವರಿಸಬಹುದು, ಊದಿಕೊಂಡರೆ, ರಾತ್ರಿ ನಿದ್ದೆಗೆಡಿಸಿದರೆ ಭಾರ ಕಡಿಮೆ ಮಾಡಿ ಫಿಸಿಯೋಥೆರಪಿಯವರಿಗೆ ತೋರಿಸಬೇಕು.

ಜ್ವರ ಬಂದು ಮಲಗಿದರೆ ಇಳಿತ ಇನ್ನೂ ವೇಗ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲಿನ ಸ್ನಾಯುವೇ ಸುಮಾರು ಒಂದು ಕಿಲೋ ಇಳಿದಿತ್ತು. ಆದ್ದರಿಂದ ಕಾಯಿಲೆಯಲ್ಲೂ ಊಟಕ್ಕೆ ಎದ್ದು ಕೂರುವುದು, ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಆದಷ್ಟು ಬೇಗ ಬಚ್ಚಲಿಗೆ ನಡೆದೇ ಹೋಗುವುದು ಒಳ್ಳೆಯದು. ಗುಣವಾದ ಮೇಲೆ ಹಿಂದಿನ ಭಾರದ ಅರ್ಧದಿಂದ ಮತ್ತೆ ಶುರು.

ಮೊದಲ ಮೂರು ನಾಲ್ಕು ವಾರದಲ್ಲಿ ಏರುವ ಬಲ ಹೆಚ್ಚಾಗಿ ನರಗಳು ಕೆಲಸ ಕಲಿತದ್ದರಿಂದ ಬರುವುದು. ಸ್ನಾಯು ದಪ್ಪವಾಗುವುದು ಆಮೇಲೆ. ತೊಡೆಗೆ ಟೇಪು ಸುತ್ತಿ ನೋಡಿ ನಿರಾಶರಾಗುವ ಬದಲು ಹನ್ನೆರಡನೇ ವಾರ ಮತ್ತೆ ಟೈಮರ್ ಇಡಿ. ಕುರ್ಚಿ ಮಾತ್ರ ಅದೇ ಇರಬೇಕು. ಕ್ಯಾಲೆಂಡರಿನ ಆ ಚೌಕದಲ್ಲಿ ಬರೆದಿಟ್ಟ ಅಂಕಿಯ ಪಕ್ಕ ಹೊಸದನ್ನು ಬರೆಯಿರಿ.